ದೊಡ್ಡಕ್ಕನ ಮೊದಲ ಪ್ರಶ್ನೆ

ದೊಡ್ಡಕ್ಕನಿಗೆ ಹೊಟ್ಟೆಕಿಚ್ಚು ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಕಥೆ ಅರ್ಧಕ್ಕೆ ಬಂದಾಗ, ಅಯ್ಯೋ, ಇಷ್ಟು ಒಳ್ಳೆಯ ಹೆಂಗಸು ಹೀಗೇಕೆ ಮಾಡಿದಳು ಎಂದು ನೀವು ಬೇಸರ ಮಾಡಿಕೊಳ್ಳುತ್ತೀರಿ. ಒಳ್ಳೆಯ ಹೆಂಗಸೇ, ಅದರಲ್ಲಿ ಎರಡು ಮಾತಿಲ್ಲ. ಕೆಟ್ಟುಹೋದ ಹೊಲಿಗೆ ಮೆಷಿನ್ ಹೊತ್ತುಕೊಂಡು ಬಂದವರನ್ನು ಆಕೆ ಸುಮ್ಮನೆ ವಾಪಸು ಕಳಿಸಿದ್ದೇ ಇಲ್ಲ. ಆದರೆ ಒಬ್ಬಳ ವಿಷಯ ಬಂದರೆ ಮಾತ್ರ ಆಕೆಯ ಹೊಟ್ಟೆಯೊಳಗೆ ಯಾರೋ ಸೌದೆ ಒಟ್ಟಿದ ಹಾಗಾಗುತ್ತಿತ್ತು. ಆ ಒಬ್ಬಳು ಹೊರಗಿನವಳಲ್ಲ, ಮೈದುನನ ಹೆಂಡತಿ, ಒಂದೇ ಸೂರಿನಡಿ ಇರುವ ಓರಗಿತ್ತಿ. ಮನೆಯಲ್ಲಿ ಎಲ್ಲರೂ ಅವಳನ್ನು ಚಿಕ್ಕವಳು ಎನ್ನುತ್ತಿದ್ದರು.

ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮರದ ಮೆಟ್ಟಿಲು. ಅಂಗಡಿ ಬೀದಿಯ ತಿರುವಿನಲ್ಲಿ, ಬೀಗ ರಿಪೇರಿಯವನಿಗೂ ಔಷಧಿ ಅಂಗಡಿಗೂ ನಡುವೆ ಇರುಕಿಕೊಂಡಿತ್ತು. ಗೋಡೆಯುದ್ದಕ್ಕೂ ಒಂದು ಮೇಜು, ಅದರ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಮೆಷಿನ್‌ಗಳು, ಹಳೆ ಬಿಸ್ಕತ್ತಿನ ಡಬ್ಬಿಗಳಲ್ಲಿ ಸ್ಕ್ರೂ, ಸ್ಪ್ರಿಂಗು, ಬಾಬಿನ್ನು. ಮೇಜಿನ ಕೊನೆಯಲ್ಲಿ ಒಂದು ಕಂಪ್ಯೂಟರ್. ಅದರ ಕೀಲಿಮಣೆಯ ಅರ್ಧ ಅಕ್ಷರಗಳನ್ನು ಎಣ್ಣೆಗೈ ತಿಂದುಹಾಕಿತ್ತು. ಹೊಸಬರು ಕೂತರೆ ಒಂದು ಸಾಲು ಬರೆಯಲಾಗುತ್ತಿರಲಿಲ್ಲ, ದೊಡ್ಡಕ್ಕ ಮಾತ್ರ ನೋಡದೆಯೇ ಬರೆಯುತ್ತಿದ್ದಳು.

ಮದುವೆಯಾಗಿ ಬಂದಾಗ ಆಕೆಗೆ ಅಂಗಿಗೆ ಗುಂಡಿ ಹಾಕಲೂ ಬರುತ್ತಿರಲಿಲ್ಲ. ಅಂಗಡಿ ಮಾವನದು. ದೊಡ್ಡ ಮಗ ಬಸ್ಸಿನ ಹುಚ್ಚು ಹತ್ತಿಸಿಕೊಂಡು ಡ್ರೈವರ್ ಆದ. ಚಿಕ್ಕವನು ಪುಸ್ತಕದೊಳಗೆ ಮುಖ ಹುದುಗಿಸಿದವನು ಮೇಲೆತ್ತಲಿಲ್ಲ. ಮಾವನ ಕಣ್ಣು ಮಂಜಾಗತೊಡಗಿದಾಗ ಸೂಜಿಗೆ ದಾರ ಪೋಣಿಸಿಕೊಡಲು ಸೊಸೆಯನ್ನು ಕರೆದರು. ಆಮೇಲೆ ಬಿದ್ದ ಸ್ಕ್ರೂ ಹುಡುಕಲು ಕರೆದರು, ಆಮೇಲೆ ಬಿಚ್ಚಲು, ಆಮೇಲೆ ಬಿಚ್ಚಿದ್ದನ್ನು ಜೋಡಿಸಲು. ಮುದುಕರು ಕಲಿಸುವ ರೀತಿಯೇ ಬೇರೆ. ಮೆಷಿನ್ನಿನ ತಪ್ಪು ತಮಗೆ ಗೊತ್ತಾದರೂ ಬಾಯಿ ಬಿಡುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು ಚಹಾ ಹೀರುತ್ತಾ, "ಹುಡುಕು ಹುಡುಕು, ಅದೇನು ಓಡಿಹೋಗಲ್ಲ" ಎನ್ನುತ್ತಿದ್ದರು. ಸೊಸೆ ಬೆವರು ಸುರಿಸಿ ಹುಡುಕಿದ ಮೇಲೆ, "ನಂಗೆ ಆಗ್ಲೇ ಗೊತ್ತಿತ್ತು" ಎಂದು ನಗುತ್ತಿದ್ದರು. ಆ ನಗುವಿಗೆ ಆಕೆಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಆದರೆ ಹಾಗೆ ಕಲಿತದ್ದು ಒಂದೂ ಮರೆಯಲಿಲ್ಲ.

ಸೂಜಿಕಟ್ಟೆ ಶುರುವಾದದ್ದು ಆ ಕಾಲದಲ್ಲೇ. ಮೈದುನ ಆಗಿನ್ನೂ ಕಾಲೇಜಿನಲ್ಲಿದ್ದ. ಅಪ್ಪನಿಗೆ ಫೋನು ಮಾಡಿ ಪ್ರಾಣ ತಿನ್ನುವ ದರ್ಜಿಗಳೆಲ್ಲ ಒಂದೇ ಕಡೆ ಬರೆದು ಕೇಳಲಿ ಎಂದು ಇಂಟರ್ನೆಟ್ಟಿನಲ್ಲಿ ಒಂದು ಹರಟೆಕಟ್ಟೆ ಹಾಕಿಕೊಟ್ಟ. ಮಾವ ಹೇಳುವುದು, ಸೊಸೆ ಬರೆಯುವುದು. ಕೆಲವೇ ವರ್ಷಗಳಲ್ಲಿ ಊರೂರಿನ ದರ್ಜಿಗಳು, ಮೆಷಿನ್ ರಿಪೇರಿಯವರು, ಮನೆಯಲ್ಲಿ ಹೊಲಿಯುವ ಹೆಂಗಸರು ಅಲ್ಲಿ ಬಂದು ಸೇರಿದರು. ದೊಡ್ಡಕ್ಕ ಎಂಬ ಹೆಸರು ಬಂದದ್ದೂ ಅಲ್ಲೇ.

ಕಟ್ಟೆಗೆ ತನ್ನದೇ ಕಟ್ಟುಪಾಡುಗಳಿದ್ದವು, ಅವೆಲ್ಲ ದೊಡ್ಡಕ್ಕನೇ ಮಾಡಿದ್ದು. ದೂರು ಹೇಳುವಂತಿಲ್ಲ, ಪ್ರಶ್ನೆ ಕೇಳಬೇಕು. ಪ್ರಶ್ನೆಯಲ್ಲಿ ನಾಲ್ಕು ಸಂಗತಿ ಇರಲೇಬೇಕು: ಮೆಷಿನ್ ಯಾವುದು, ಏನಾಗುತ್ತಿದೆ, ಯಾವಾಗಿನಿಂದ, ನೀವು ಏನು ಮಾಡಿ ನೋಡಿದಿರಿ. ಒಂದು ತಪ್ಪಿದರೂ ದೊಡ್ಡಕ್ಕ ಪ್ರಶ್ನೆಯನ್ನು ವಾಪಸು ಅಟ್ಟುತ್ತಿದ್ದಳು. ಟೋಪಿ ಹೊಲಿಯುವವನೊಬ್ಬ, ಟೋಪಿ ದರ್ಜಿ ಎಂದೇ ಎಲ್ಲರಿಗೂ ಗೊತ್ತು, "ಏನು ಮಾಡಿ ನೋಡಿದಿರಿ" ಎಂಬುದಕ್ಕೆ "ಎರಡು ಏಟು ಕೊಟ್ಟು ನೋಡಿದೆ" ಎಂದು ಬರೆದು ಪ್ರಸಿದ್ಧನಾಗಿದ್ದ. ಇನ್ನು ಕೆಲಸವಾದ ಮೇಲೆ ಥ್ಯಾಂಕ್ಸ್, ವಂದನೆ, ಕೈಮುಗಿದ ಚಿತ್ರ ಯಾವುದೂ ಬೇಡ. ಉತ್ತರದ ಕೆಳಗೆ ಒಂದೇ ಮಾತು ಬರೆಯಬೇಕು: ಓಡಿತು. ಮೆಷಿನ್ ಓಡಿತು, ಅಷ್ಟೇ. ಆ ಒಂದು ಮಾತಿಗೆ ಕಟ್ಟೆಯಲ್ಲಿದ್ದ ಬೆಲೆ ಹೊರಗಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ದೊಡ್ಡಕ್ಕನ ಉತ್ತರಗಳ ಕೆಳಗೆ ಸಾವಿರಗಟ್ಟಲೆ ಓಡಿತು ಬಿದ್ದಿದ್ದವು. ಆಕೆ ಮಾತ್ರ ಒಮ್ಮೆಯೂ ಅದನ್ನು ಬರೆದವಳಲ್ಲ, ಏಕೆಂದರೆ ಆಕೆ ಯಾರನ್ನೂ ಏನನ್ನೂ ಕೇಳಿದವಳಲ್ಲ.

ಇನ್ನೊಂದು ಸಂಗತಿ, ಇದು ಮುಖ್ಯ. ಹಳೆಯ ಸಾಫ್ಟ್‌ವೇರಿಗೆ ಫೋಟೊ ಜೀರ್ಣವಾಗುತ್ತಿರಲಿಲ್ಲ. ದಾರ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಬರೀ ಮಾತಿನಲ್ಲಿ ಹೇಳಿದರೆ ಯಾರ ತಲೆಗೂ ಹೋಗುತ್ತಿರಲಿಲ್ಲ. ಅದಕ್ಕೆ ದೊಡ್ಡಕ್ಕ ಕೀಲಿಮಣೆಯಲ್ಲೇ ಚಿತ್ರ ಬರೆಯಲು ಕಲಿತಳು. ಸೂಜಿಗೆ ಒಂದು ನಿಂತ ಗೀಟು, ದಾರ ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗೆ ಒಂದು ಸೊನ್ನೆ, ದಾರಕ್ಕೆ ಚುಕ್ಕೆಗಳ ಸಾಲು, ನಡುವೆ ಲೆಕ್ಕ ಹಾಕಿ ಬಿಟ್ಟ ಖಾಲಿ ಜಾಗ. ಮಾವ ಪಕ್ಕದಲ್ಲಿ ಕೂತು, "ಇನ್ನೂ ಕೆಳಗೆ, ಇನ್ನೂ ಕೆಳಗೆ, ಹಾಂ, ಅಲ್ಲಿ ಒಂದು ಸುತ್ತು" ಎಂದು ಬೆರಳಾಡಿಸುತ್ತಿದ್ದರು. ಹಾಗೆ ಬರೆದ ಚಿತ್ರಗಳು ನೂರಾರು. ಮಾವ ತೀರಿಕೊಂಡ ಮೇಲೆ ಅವರದು ಅಂತ ಉಳಿದದ್ದು ಒಂದು ಸ್ಟೂಲು, ಒಂದು ಕನ್ನಡಕ, ಮತ್ತೆ ಆ ಚಿತ್ರಗಳು.

ಚಿಕ್ಕವಳು ಈ ಮನೆಗೆ ಬಂದದ್ದು ಅದಾದ ಮೇಲೆ.

ಬಂದವಳು ಸುಮ್ಮನೆ ಮೇಲೆ ಇರಬಹುದಿತ್ತು. ಅವಳಿಗೆ ಲೈಬ್ರರಿಯಲ್ಲಿ ಕೆಲಸ, ಒಳ್ಳೆಯ ಕೆಲಸವೇ. ಆದರೆ ಸಂಜೆ ಬಂದವಳೇ ಕೆಳಗಿಳಿದು, "ಅಕ್ಕ, ನಂಗೂ ಕಲಿಸಿ" ಎಂದು ಪಕ್ಕದಲ್ಲಿ ನಿಂತಳು. ದೊಡ್ಡಕ್ಕ ಕಲಿಸಿದಳು. ಅಲ್ಲೇ ತಪ್ಪಾದದ್ದು ಎಂದು ಆಮೇಲೆ ಎಷ್ಟು ಸಲ ಹಲ್ಲು ಕಡಿದಳೋ ಲೆಕ್ಕವಿಲ್ಲ. ಚಿಕ್ಕವಳ ಕಿವಿ ಚುರುಕು. ಮೆಷಿನ್ ತುಳಿದರೆ ಬರುವ ಸದ್ದು ಕೇಳಿಯೇ, "ಕೆಳಗಡೆ ಶಟಲ್‌ನಲ್ಲಿ ದಾರದ ಚೂರು ಸಿಕ್ಕಿಕೊಂಡಿದೆ" ಎಂದುಬಿಡುತ್ತಿದ್ದಳು. ಬಾಬಿನ್ ಕೂರುವ ಆ ಶಟಲನ್ನು ಬಿಚ್ಚಿ ನೋಡಿದರೆ ಚೂರು ಇರುತ್ತಿತ್ತು. ಕಟ್ಟೆಗೆ ಬಂದಮೇಲಂತೂ ಕೇಳುವುದೇ ಬೇಡ. "ನಿಮ್ಮ ಮೆಷಿನ್ ಸದ್ದು ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸಿ" ಎಂದು ಕೇಳಿ, ದೊಡ್ಡಕ್ಕ ನಾಲ್ಕು ಪ್ರಶ್ನೆ ಹಾಕಿ ಕಂಡುಹಿಡಿಯುವುದನ್ನು ಇವಳು ಒಂದೇ ಸಲ ಕೇಳಿ ಹೇಳುತ್ತಿದ್ದಳು. ಓಡಿತು, ಓಡಿತು, ಓಡಿತು. ಪರದೆ ಹೊಲಿಯುವ ಹೆಂಗಸೊಬ್ಬಳು, ಎಲ್ಲರ ಬಾಯಲ್ಲಿ ಪರದೆಯಮ್ಮ, ಕಟ್ಟೆಯ ಹಳಬಳು, ದೊಡ್ಡಕ್ಕ ಉತ್ತರ ಕೊಟ್ಟ ಮೇಲೂ ಕೆಳಗೆ ಬರೆದಳು: "ಚಿಕ್ಕವಳು ಏನಂತಾಳೆ, ಅವಳನ್ನೂ ಒಂದ್ಮಾತು ಕೇಳೋಣ."

ಆವತ್ತು ದೊಡ್ಡಕ್ಕ ಊಟ ಮಾಡಲಿಲ್ಲ. ತಲೆನೋವು ಎಂದಳು. ಗಂಡ ಅದನ್ನೇ ನಂಬಿ ಔಷಧಿ ಅಂಗಡಿಯಿಂದ ಮಾತ್ರೆ ತಂದ, ಪಾಪ.

ಎದುರಿಗೇ ನಿಂತು ಜಗಳವಾಡುವ ಓರಗಿತ್ತಿಯಾಗಿದ್ದರೆ ಎಷ್ಟೋ ಸುಲಭವಿತ್ತು. ಈ ಚಿಕ್ಕವಳೋ, ಮುಖ ಊದಿಸಿಕೊಂಡರೆ ಚಹಾ ಮಾಡಿಕೊಂಡು ಬರುತ್ತಿದ್ದಳು. ಚುಚ್ಚಿ ಮಾತಾಡಿದರೆ ನಗುತ್ತಿದ್ದಳು, ಅದೂ ಮನಸ್ಸಿಂದಲೇ. ಅಂಥವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸ ಎಂದು ಅನುಭವಿಸಿದವರಿಗೇ ಗೊತ್ತು. ಎಲ್ಲ ಭಾರವೂ ಒಬ್ಬರ ಮೇಲೇ ಬೀಳುತ್ತದೆ.

ಹೀಗಿರುವಾಗ ಹಳೆಯ ಸಾಫ್ಟ್‌ವೇರಿಗೆ ಕೊನೆಗಾಲ ಬಂತು. ಅದನ್ನು ಮಾಡಿದವನು ಎಂದೋ ಕೈಬಿಟ್ಟಿದ್ದ. ಕಟ್ಟೆಗೆ ಜಾಗ ಕೊಟ್ಟಿದ್ದ ಕಂಪನಿ, ನಮ್ಮ ಹೊಸ ಯಂತ್ರಗಳಲ್ಲಿ ಇದು ನಡೆಯುವುದಿಲ್ಲ, ಬೇರೆ ನೋಡಿಕೊಳ್ಳಿ ಎಂದು ತಿಳಿಸಿತು. ಕಟ್ಟೆಯಲ್ಲಿ ಗದ್ದಲವೋ ಗದ್ದಲ. ಕೊನೆಗೆ ಮೂರು ಸಾಫ್ಟ್‌ವೇರ್‌ಗಳು ಉಳಿದವು, ಜನ ಅವಕ್ಕೆ ಅಡ್ಡಹೆಸರೂ ಇಟ್ಟರು. ಒಂದು ಹೊಳೆ: ಫೋನಿನ ಹರಟೆಯ ಹಾಗೆ ಬರೆದದ್ದೆಲ್ಲ ಹರಿದುಹೋಗುತ್ತದೆ, ನಿನ್ನೆಯದು ಇವತ್ತು ಸಿಗುವುದಿಲ್ಲ. ಅದನ್ನು ಎಲ್ಲರೂ ಬೇಡವೆಂದರು. ಇನ್ನೊಂದು ಮುದುಕ: ನೋಡಲು ಥೇಟ್ ಹಳೆಯದರ ಹಾಗೇ, ಆದರೆ ಫೋನಿನಲ್ಲಿ ತೆರೆದರೆ ಕಣ್ಣಿಗೆ ಭೂತಗನ್ನಡಿ ಬೇಕು. ಮೂರನೆಯದು ಹೊಸಬ: ಹುಡುಕಿದ್ದು ಥಟ್ಟನೆ ಸಿಗುತ್ತದೆ, ಫೋಟೊ ನಿಲ್ಲುತ್ತದೆ, ಮೆಷಿನ್ನಿನ ಸದ್ದನ್ನೂ ಹಾಕಬಹುದು. ಹೊಸಬನನ್ನು ಕರೆತಂದವಳು ಯಾರೆಂದು ಬೇರೆ ಹೇಳಬೇಕಿಲ್ಲ.

ದೊಡ್ಡಕ್ಕ ಕೂಡಲೇ ಮುದುಕನ ಪರ ನಿಂತಳು. ಮುದುಕನ ಮೇಲೆ ಆಕೆಗೇನೂ ಪ್ರೀತಿ ಉಕ್ಕಿ ಹರಿಯುತ್ತಿರಲಿಲ್ಲ. ಚಿಕ್ಕವಳು ಮುದುಕ ಬೇಕು ಎಂದಿದ್ದರೆ ಈಕೆ ಹೊಸಬನನ್ನು ತಬ್ಬಿಕೊಳ್ಳುತ್ತಿದ್ದಳು.

"ಸದ್ದು ಕೇಳಿ ರಿಪೇರಿ ಮಾಡೋಕೆ ಇದೇನು ಸಂಗೀತದ ಕ್ಲಾಸಾ?" ಎಂದು ಗಂಡನ ಮುಂದೆ ಹಾರಾಡಿದಳು.

"ಚೆನ್ನಾಗಿದೆ ಅಂತಾರಲ್ಲೇ ಎಲ್ರೂ," ಎಂದ ಗಂಡ, ಬೂಟಿನ ಲೇಸು ಕಟ್ಟುತ್ತಾ.

"ನೀವು ಬಸ್ ಓಡ್ಸಿ, ಸಾಕು."

ಚಿಕ್ಕವಳು ಹೊಸಬನಲ್ಲಿ ಒಂದು ಮಾದರಿ ಕಟ್ಟೆ ಹಾಕಿ, ಹಳೆಯದರಲ್ಲಿದ್ದದ್ದನ್ನೆಲ್ಲ ಅದಕ್ಕೆ ನಕಲು ಮಾಡಿದಳು. ಅಂಗಿ ಹೊಲಿದು ಟ್ರಯಲ್ ನೋಡಿದ ಹಾಗೆ ನೋಡಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಹೇಳಿ ಎಂದಳು. ಜನ ಮುಗಿಬಿದ್ದರು. ಹೊಸ ಪ್ರಶ್ನೆ ಹಾಕಿದರು, ಫೋಟೊ ಹಾಕಿದರು. ಟೋಪಿ ದರ್ಜಿ ತನ್ನ ಮೆಷಿನ್ ಸದ್ದಿನ ಜೊತೆ ತಾನು ಕೆಮ್ಮಿದ್ದನ್ನೂ ಹಾಕಿದ. ಹಳೆಯದನ್ನು ತಿರುವಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ.

ದೊಡ್ಡಕ್ಕ ನೋಡಿದಳು. ತಪ್ಪು ಹುಡುಕಲೆಂದೇ ಕೂತವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡದೆ ಇರುತ್ತಾಳೆಯೇ? ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು, ತನ್ನದೇ ಹಳೆಯ ಉತ್ತರವೊಂದನ್ನು ತೆರೆದಳು. ತೆರೆದವಳು ಕುರ್ಚಿಯಲ್ಲಿ ನೆಟ್ಟಗಾದಳು. ಚಿತ್ರ ಕುಸಿದಿತ್ತು. ಹೊಸಬ ಖಾಲಿ ಜಾಗಗಳನ್ನೆಲ್ಲ ನುಂಗಿ, ಸೂಜಿ, ಸೊನ್ನೆ, ಚುಕ್ಕೆ ಎಲ್ಲವನ್ನೂ ಎಡಗಡೆಗೆ ಗುಡಿಸಿ ಗುಡ್ಡೆ ಹಾಕಿದ್ದ. ಇನ್ನೊಂದು ತೆರೆದಳು, ಅದೂ ಗುಡ್ಡೆ. ಮತ್ತೊಂದು, ಅದೂ.

ಆಗ ಆಕೆಗೆ ಆದದ್ದು ದುಃಖವಲ್ಲ. ಹೇಳಲು ಸಂಕೋಚವಾದರೂ ಹೇಳಲೇಬೇಕು: ಆಕೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸಿಕ್ಕಿಬಿದ್ದಳು, ಎಂದುಕೊಂಡಳು. ಹೊಸಬನಿಗೆ ಹೋಗುವ ದಿನ ಬರಲಿ. ಎಲ್ಲರೂ ಚಿತ್ರ ನೋಡಲು ಬರಲಿ. ದೊಡ್ಡಕ್ಕ, ಇದೇನಾಯ್ತು ಎಂದು ಕೇಳಲಿ. ಚಿಕ್ಕವಳನ್ನೇ ಕೇಳಿ ಎಂದುಬಿಟ್ಟರಾಯಿತು. ಹಳೆಯ ಕಟ್ಟೆ ನೋಡುವುದಕ್ಕೆ ಹೇಗೂ ಇದ್ದೇ ಇರುತ್ತದೆ, ಚಿತ್ರಗಳಿಗೇನೂ ಆಗುವುದಿಲ್ಲ ಎಂದು ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡಳು.

ಆವತ್ತು ಸಂಜೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ, ಏನೂ ಅರಿಯದವಳ ಹಾಗೆ ಕೇಳಿದಳು: "ಹಳೇದನ್ನೆಲ್ಲ ನೋಡಿದ್ಯಾ? ಸರಿಯಾಗಿ ಬಂದಿದ್ಯಾ?"

"ಒಂದೂ ಬಿಡದೆ ಬಂದಿದೆ ಅಕ್ಕ, ಲೆಕ್ಕ ತಾಳೆ ನೋಡಿದೆ," ಎಂದಳು ಚಿಕ್ಕವಳು.

"ಹಾಗಾದ್ರೆ ಸರಿ ಬಿಡು."

ವೋಟಿನ ದಿನ ದೊಡ್ಡಕ್ಕ ಹೊಸಬನಿಗೇ ವೋಟು ಹಾಕಿದಳು. ಹೊಸಬ ಗೆಲ್ಲದೆ ಹೋದರೆ ಚಿಕ್ಕವಳು ಬೀಳುವುದಾದರೂ ಎಲ್ಲಿಂದ? ಆದರೆ ಕಟ್ಟೆಯ ಜನಕ್ಕೆ ಈ ಲೆಕ್ಕ ಎಲ್ಲಿ ಗೊತ್ತು? "ನೋಡಿ, ಇದು ದೊಡ್ಡ ಮನಸ್ಸು" ಎಂದು ಬರೆದಳು ಪರದೆಯಮ್ಮ. "ತಾನು ಬೇಡ ಅಂದಿದ್ದಕ್ಕೇ ಓರಗಿತ್ತಿಗೋಸ್ಕರ ವೋಟು ಹಾಕಿದ್ರು, ಸುಮ್ನೆ ದೊಡ್ಡಕ್ಕ ಅಂತಾರಾ?" ಎಂದ ಟೋಪಿ ದರ್ಜಿ. ಮನೆಯಲ್ಲಿ ಗಂಡ, "ನಿನ್ನ ಬಗ್ಗೆ ನಾನು ಬೇರೆ ಏನೋ ಅಂದ್ಕೊಂಡಿದ್ದೆ ಕಣೇ" ಎಂದು ಹೆಮ್ಮೆಯಿಂದ ನೋಡಿದ. ಚಿಕ್ಕವಳಂತೂ ಬಂದು ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

ಮಾಡಿದ ಕುತಂತ್ರಕ್ಕೆ ಹೊಗಳಿಕೆ ಬಂದರೆ ನುಂಗುವುದು ಹೇಗೆ? ದೊಡ್ಡಕ್ಕ ಕೈ ಬಿಡಿಸಿಕೊಂಡು, ಒಲೆ ಮೇಲೆ ಏನೋ ಇದೆ ಎಂದು ಎದ್ದುಹೋದಳು. ಒಲೆ ಮೇಲೆ ಏನೂ ಇರಲಿಲ್ಲ.

ಅದಾಗಿ ಒಂದು ವಾರವೂ ಕಳೆದಿರಲಿಲ್ಲ. ಬೆಳಿಗ್ಗೆ ಲೈಬ್ರರಿಗೆ ಹೊರಟ ಚಿಕ್ಕವಳು ಮೆಟ್ಟಿಲ ಮೇಲೆ ನಿಂತು ಹೇಳಿದಳು: "ಅಕ್ಕ, ಭಾನುವಾರ ಕಟ್ಟೆ ಸ್ಥಳ ಬದಲಾಯಿಸೋದು. ಕಂಪನಿಯವ್ರು ಅದೇ ದಿನ ಹಳೇದನ್ನ ಅಳಿಸಿಬಿಡ್ತಾರಂತೆ. ಇಟ್ಕೊಳ್ಳೋಕೆ ಆಗಲ್ವಂತೆ. ನೀವು ಒಂದ್ಸಲ ಕಣ್ಣು ಹಾಯಿಸಿಬಿಡಿ."

ದೊಡ್ಡಕ್ಕ ಕೈಯಲ್ಲಿದ್ದ ಎಣ್ಣೆ ಡಬ್ಬಿಯನ್ನು ಕೆಳಗಿಟ್ಟಳು.

ಅವಳು ಹೋದ ಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದು ಕಂಪ್ಯೂಟರ್ ಮುಂದೆ ಕೂತಳು. ಹಳೆಯ ಕಟ್ಟೆ ತೆರೆದು ಮೊಟ್ಟಮೊದಲ ಚಿತ್ರ ನೋಡಿದಳು. ಅದೊಂದು ಅಪರೂಪದ ಮೆಷಿನ್ನು. ಅಂಗಡಿಗೆ ಬರುವ ಬೇರೆ ಮೆಷಿನ್‌ಗಳಲ್ಲಿ ಸೂಜಿಗೆ ದಾರ ಎಡದಿಂದ ಬಲಕ್ಕೆ ಹಾಕಿದರೆ ಇದರಲ್ಲಿ ಬಲದಿಂದ ಎಡಕ್ಕೆ. ಈ ಚಿತ್ರ ಬರೆದ ದಿನ ಮಾವ ಎಷ್ಟು ಸಲ ಅಳಿಸಿ ಬರೆಸಿದ್ದರು! ಕೊನೆಗೆ ಕನ್ನಡಕವನ್ನು ಹಣೆ ಮೇಲೇರಿಸಿ, ತೆರೆಗೆ ಮೂಗು ತಾಗಿಸಿ ನೋಡಿ, "ಇನ್ನು ನಾನು ಸತ್ರೂ ಪರವಾಗಿಲ್ಲ, ಇದು ಇರುತ್ತೆ" ಎಂದಿದ್ದರು. ಸೊಸೆ, "ಏನು ಮಾತು ಅಂತ ಆಡ್ತೀರ ಮಾವ" ಎಂದು ಗದರಿಸಿದ್ದಳು.

ಭಾನುವಾರ ಇದು ಗುಡ್ಡೆಯಾಗುತ್ತದೆ. ಮಾಡುತ್ತಿರುವವಳು ಚಿಕ್ಕವಳಲ್ಲ, ತಾನು. ಬಾಯಿಗೆ ಬೀಗ ಹಾಕಿಕೊಂಡು ಕೂತವಳು ತಾನು.

ಚಿಕ್ಕವಳಿಗೆ ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಮಾಡಲಿಲ್ಲ. ಗುಟ್ಟಾಗಿ ಹೇಳಿದರೆ ಅವಳು ಗುಟ್ಟಾಗಿ ಸರಿಮಾಡಿಬಿಡುತ್ತಾಳೆ, ಹೆಸರು ಅವಳಿಗೇ ಬರುತ್ತದೆ ಎಂಬ ಹಾಳು ಯೋಚನೆ ಅಂಥ ಹೊತ್ತಿನಲ್ಲೂ ಬಿಡಲಿಲ್ಲ. ಕಟ್ಟೆಯಲ್ಲೇ, ಎಲ್ಲರೆದುರಿಗೇ ಹಾಕುತ್ತೇನೆ ಎಂದು ಬರೆಯತೊಡಗಿದಳು: "ಚಿಕ್ಕವಳು ತಂದ ಹೊಸಬ ನಮ್ಮ ಚಿತ್ರಗಳನ್ನೆಲ್ಲ ಹಾಳು ಮಾಡಿದ್ದಾನೆ." ಬರೆದು ಬೆರಳು ನಿಂತಿತು. ಇದು ದೂರು. ಕಟ್ಟೆಯಲ್ಲಿ ದೂರು ಹೇಳುವಂತಿಲ್ಲ. ಎಷ್ಟು ಜನರ ದೂರನ್ನು ತಾನೇ ಮುಲಾಜಿಲ್ಲದೆ ವಾಪಸು ಅಟ್ಟಿದ್ದಾಳೆ! ಅಳಿಸಿದಳು. ಪ್ರಶ್ನೆಯಾಗಿ ಕೇಳಬೇಕು, ನಾಲ್ಕು ಸಂಗತಿ ಇರಬೇಕು. ಮಾಡಿದ ಕಟ್ಟುಪಾಡು ತನ್ನ ಕುತ್ತಿಗೆಗೇ ಬಂತು.

ಮೆಷಿನ್ ಯಾವುದು? ಹೊಸಬ, ಎಂದು ಬರೆದಳು. ಏನಾಗುತ್ತಿದೆ? ಖಾಲಿ ಜಾಗ ನುಂಗಿ ದಾರದ ಚಿತ್ರಗಳನ್ನು ಎಡಕ್ಕೆ ಗುಡ್ಡೆ ಹಾಕುತ್ತಿದೆ.

ಯಾವಾಗಿನಿಂದ?

ಇವತ್ತು ನೋಡಿದೆ ಎಂದರೆ ಯಾರಿಗೆ ತಿಳಿಯುತ್ತದೆ? ಹಾಗೇ ಬರೆದಳು. ಪಕ್ಕದ ಸ್ಟೂಲಿನ ಕಡೆ ಒಮ್ಮೆ ನೋಡಿದಳು. ಸುಳ್ಳು ಹೇಳಿದ ಗಿರಾಕಿಯ ಮೆಷಿನ್ ಮಾವ ಮುಟ್ಟುತ್ತಲೇ ಇರಲಿಲ್ಲ. ಅಳಿಸಿ, "ಟ್ರಯಲ್ ಶುರುವಾದಾಗಿನಿಂದ" ಎಂದು ಬರೆದಳು.

ನೀವು ಏನು ಮಾಡಿ ನೋಡಿದಿರಿ?

ಇದಕ್ಕೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ಬರೆದಳು: "ಏನೂ ಮಾಡಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ." ಮತ್ತೆ ಓದಿದರೆ ಧೈರ್ಯ ಸಾಲುವುದಿಲ್ಲ ಎಂದು ಓದದೆಯೇ ಕಳಿಸಿಬಿಟ್ಟಳು.

ಕಟ್ಟೆ ದಂಗಾಯಿತು. ದೊಡ್ಡಕ್ಕ ಪ್ರಶ್ನೆ ಕೇಳಿದ್ದಾರೆ! "ದೊಡ್ಡಕ್ಕ ಕೇಳೋದಾ? ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದ ಟೋಪಿ ದರ್ಜಿ. ನಾಲ್ಕನೆಯ ಸಾಲನ್ನು ಓದಿ ಯಾರೂ ಕಣ್ಣು ಕೆಂಪು ಮಾಡಲಿಲ್ಲ. ಅದೇನೋ ದೊಡ್ಡಕ್ಕನ ಸಂಕೋಚ, ಓರಗಿತ್ತಿಗೆ ಬೇಸರವಾಗದಿರಲಿ ಎಂದು ಸುಮ್ಮನಿದ್ದಿರಬೇಕು ಎಂದು ಪರದೆಯಮ್ಮ ಆಗಲೇ ತೀರ್ಪು ಕೊಟ್ಟಿದ್ದಳು. ಹತ್ತು ಜನ ತಲೆಗೊಂದು ಉಪಾಯ ಹೇಳಿದರು. ಚಿಕ್ಕವಳ ಉತ್ತರ ಬಂದದ್ದು ಮಧ್ಯಾಹ್ನದ ಹೊತ್ತಿಗೆ, ಅವಳ ಊಟದ ಬಿಡುವಿನಲ್ಲಿ: "ತಪ್ಪು ನನ್ನದು. ಎಷ್ಟು ಬಂದಿದೆ ಅಂತ ಎಣಿಸಿದೆ, ಹೇಗೆ ಬಂದಿದೆ ಅಂತ ನೋಡಲಿಲ್ಲ. ಚಿತ್ರದ ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು ಮೂರು ಸಣ್ಣ ಓರೆ ಗೀಟು ಹಾಕಿದರೆ ಚೌಕಟ್ಟು ಬರುತ್ತದೆ, ಅದರೊಳಗಿನ ಜಾಗವನ್ನು ಹೊಸಬ ನುಂಗುವುದಿಲ್ಲ. ಅಕ್ಕ, ಒಂದಕ್ಕೆ ಹಾಕಿ ನೋಡಿ."

ದೊಡ್ಡಕ್ಕ ಹೊಸಬನಲ್ಲಿ ಆ ಮೊಟ್ಟಮೊದಲ ಚಿತ್ರಕ್ಕೇ ಹಾಕಿದಳು. ಗುಡ್ಡೆ ಬಿದ್ದಿದ್ದ ಚುಕ್ಕೆಗಳು ತಂತಮ್ಮ ಜಾಗಕ್ಕೆ ಸರಿದು ನಿಂತವು. ದಾರ ಮೇಲಿನಿಂದ ಇಳಿದು, ಬಿಲ್ಲೆ ಸುತ್ತಿ, ಬಲದಿಂದ ಎಡಕ್ಕೆ ಸೂಜಿಯೊಳಗೆ ನುಸುಳಿತು.

ಈಗ ಒಂದೇ ಕೆಲಸ ಬಾಕಿ. ಉತ್ತರದ ಕೆಳಗೆ ಆ ಒಂದು ಮಾತು. ದೊಡ್ಡಕ್ಕನ ಕೈಯಿಂದ ಬರುವ ಮೊಟ್ಟಮೊದಲ ಓಡಿತು, ಅದೂ ಚಿಕ್ಕವಳ ಹೆಸರಿನ ಕೆಳಗೆ! ಜನ ಕಾಯುತ್ತಿದ್ದರು. "ಏನಾಯ್ತು ದೊಡ್ಡಕ್ಕ?" "ನಿಂತಿತಾ?" ದೊಡ್ಡಕ್ಕ ಕಂಪ್ಯೂಟರ್ ಆರಿಸಿ ಒಂದು ಮೆಷಿನ್ನಿನ ಬೆಲ್ಟು ಬದಲಾಯಿಸಲು ಕೂತಳು. ಕೈ ಬರಲಿಲ್ಲ ಎಂದರೆ ಬರಲಿಲ್ಲ.

ಸಂಜೆ ಚಿಕ್ಕವಳು ಬಂದವಳು ಬ್ಯಾಗು ಕೂಡ ಇಳಿಸದೆ ಮೇಜಿನ ಹತ್ತಿರ ಬಂದಳು. "ಕೊಡಿ ಅಕ್ಕ, ಇಬ್ರೂ ಸೇರಿ ಮಾಡೋಣ, ಭಾನುವಾರದೊಳಗೆ ಮುಗಿಸ್ಬೇಕು."

ಒಬ್ಬಳು ಕಂಪ್ಯೂಟರ್‌ನಲ್ಲಿ, ಒಬ್ಬಳು ಫೋನಿನಲ್ಲಿ ಚೌಕಟ್ಟು ಹಾಕತೊಡಗಿದರು. ದೊಡ್ಡಕ್ಕ ಓರೆಗಣ್ಣಿನಿಂದ ಯಾರದು ಹೆಚ್ಚಾಯಿತು ಎಂದು ನೋಡುತ್ತಲೇ ಇದ್ದಳು. ಚಿಕ್ಕವಳದೇ. ಇದರಲ್ಲೂ!

"ಅಕ್ಕ," ಎಂದಳು ಚಿಕ್ಕವಳು, ಫೋನಿನಿಂದ ಕಣ್ಣೆತ್ತದೆ. "ಅವತ್ತು ಅಡುಗೆಮನೇಲಿ ಕೇಳಿದ್ರಲ್ಲ, ಹಳೇದು ಸರಿಯಾಗಿ ಬಂದಿದ್ಯಾ ಅಂತ. ಆಗ್ಲೇ ಸುಳಿವು ಕೊಟ್ರಿ, ನಂಗೆ ಹೊಳೀಲಿಲ್ಲ. ನಾನೇ ಹುಡುಕ್ಲಿ ಅಂತ ಬಿಟ್ರಿ ಅಲ್ವಾ? ಮಾವ ನಿಮಗೆ ಹಾಗೇ ಕಲಿಸಿದ್ದಂತಲ್ಲ."

ಇಷ್ಟು ಚೆಂದದ ನೆಪವನ್ನು ದೊಡ್ಡಕ್ಕ ತಾನಾಗಿ ಹುಡುಕಿದ್ದರೂ ಸಿಗುತ್ತಿರಲಿಲ್ಲ. ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮಾವನನ್ನು ತನ್ನ ಕುತಂತ್ರಕ್ಕೆ ಸೆರಗು ಮಾಡಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

"ಅಲ್ಲ ಕಣೇ," ಎಂದಳು. "ನೀನು ಎಲ್ಲರೆದ್ರಿಗೆ ಬೀಳ್ಲಿ ಅಂತ ಸುಮ್ಮನಿದ್ದೆ. ವೋಟು ಹಾಕಿದ್ದೂ ಅದಕ್ಕೇ."

ಚಿಕ್ಕವಳು ಮೊದಲು ನಕ್ಕಳು, ತಮಾಷೆ ಇರಬೇಕು ಎಂದು. ದೊಡ್ಡಕ್ಕನ ಮುಖ ನೋಡಿದ ಮೇಲೆ ನಗು ಅರ್ಧಕ್ಕೆ ನಿಂತಿತು. ಫೋನನ್ನು ಮೇಜಿನ ಮೇಲಿಟ್ಟು ಹೊರಗೆ ಬೀದಿಯನ್ನು ನೋಡುತ್ತಾ ಕೂತಳು. ಬೀಗ ರಿಪೇರಿಯವನು ಅರ ಉಜ್ಜುವ ಸದ್ದು ಕೇಳಿಸುತ್ತಿತ್ತು. ಅವಳು ಎದ್ದು ಮೇಲೆ ಹೋಗಿ ಮೈದುನನಿಗೆ ಹೇಳುತ್ತಾಳೆ, ಇನ್ನು ಈ ಮನೆಯಲ್ಲಿ ಎರಡು ಒಲೆಯಾಗುತ್ತದೆ ಎಂದೇ ದೊಡ್ಡಕ್ಕ ತಿಳಿದಳು.

ಚಿಕ್ಕವಳು ಎದ್ದಳು. ಮೆಟ್ಟಿಲ ಕಡೆ ಹೋಗಲಿಲ್ಲ. ಕಂಪ್ಯೂಟರ್ ಹತ್ತಿರ ಬಂದು ಆ ಮೊದಲ ಚಿತ್ರವನ್ನು ನೋಡಿದಳು.

"ಇದೊಂದು ನಂಗೆ ಯಾವತ್ತೂ ಅರ್ಥ ಆಗಿಲ್ಲ," ಎಂದಳು. "ದಾರ ಬಲದಿಂದ ಎಡಕ್ಕೆ ಯಾಕೆ ಹೋಗುತ್ತೆ ಅಂತ. ಮೆಷಿನ್ ಸಿಗಲ್ಲ, ಸದ್ದು ಕೇಳೋಕಾಗಲ್ಲ. ಮಾವ ಇದ್ದಿದ್ರೆ ಕೇಳ್ತಿದ್ದೆ. ಈ ಮನೇಲಿ ಎಲ್ರೂ ಮಾವ ಹೀಗಂತಿದ್ರು, ಮಾವ ಹಾಗಂತಿದ್ರು ಅಂತಾರೆ. ನಂಗೆ ಅವ್ರ ಫೋಟೊ ಮಾತ್ರ ಗೊತ್ತು. ನಿಮ್ಗೆ ಹುಡುಕಿಸಿ ಕಲಿಸಿದ್ರು, ನಂಗೆ ಹುಡುಕು ಅನ್ನೋಕೆ ಯಾರೂ ಇಲ್ಲ." ಕಣ್ಣೊರೆಸಿಕೊಂಡಳು. "ನಿಮ್ಮನ್ನ ನೋಡಿದ್ರೆ ನಂಗೆಷ್ಟು ಹೊಟ್ಟೆಕಿಚ್ಚು ಗೊತ್ತಾ ಅಕ್ಕ?"

ದೊಡ್ಡಕ್ಕ ವರ್ಷಗಟ್ಟಲೆ ಬಚ್ಚಿಟ್ಟುಕೊಂಡು, ತಲೆನೋವು ಎಂದು ಮಾತ್ರೆ ನುಂಗಿ ಮುಚ್ಚಿದ ಮಾತನ್ನು ಇವಳು ಕಣ್ಣೊರೆಸಿಕೊಂಡು ನೆಟ್ಟಗೆ ಹೇಳಿಬಿಟ್ಟಿದ್ದಳು. ಇದರಲ್ಲೂ ಮುಂದೆ ಹೋಗಿದ್ದಳು.

ದೊಡ್ಡಕ್ಕ ಮಾವನ ಸ್ಟೂಲನ್ನು ಕಾಲಿನಿಂದ ಎಳೆದು ಪಕ್ಕಕ್ಕೆ ಹಾಕಿದಳು. ಅದರ ಮೇಲೆ ಅವರು ಹೋದ ಮೇಲೆ ಯಾರೂ ಕೂತಿರಲಿಲ್ಲ.

"ಕೂತ್ಕೋ," ಎಂದಳು. "ಈ ಮೆಷಿನ್‌ನಲ್ಲಿ ಶಟಲ್ ತಿರುಗೋದು ಎಡಗಡೆ. ದಾರದ ಕುಣಿಕೆಯನ್ನ ಅದು ಎಡಗಡೆಯಿಂದ... ಬೇಡ, ಬಾಯಲ್ಲಿ ಹೇಳಿದ್ರೆ ಆಗಲ್ಲ. ನೀನೇ ಹುಡುಕು. ಅದೇನು ಓಡಿಹೋಗಲ್ಲ."

ಚಿಕ್ಕವಳು ಸ್ಟೂಲಿನ ಮೇಲೆ ಕೂತು ಚಿತ್ರಕ್ಕೆ ಮುಖ ಹತ್ತಿರ ತಂದಳು. ಅವಳು ಹುಡುಕುತ್ತಿರುವಾಗ ದೊಡ್ಡಕ್ಕ ಅವಳ ಫೋನನ್ನೇ ಎತ್ತಿಕೊಂಡು, ತನ್ನ ಹೆಸರಿನಲ್ಲಿ ಕಟ್ಟೆಯೊಳಗೆ ಹೋಗಿ, ಉತ್ತರದ ಕೆಳಗೆ ಬರೆದಳು: ಓಡಿತು.

ಹೊಟ್ಟೆಕಿಚ್ಚು ಆರಿಹೋಯಿತೇ ಎಂದು ಕೇಳಬೇಡಿ. ಮರುಕ್ಷಣವೇ ಕಟ್ಟೆಯ ಜನವೆಲ್ಲ ಚಿಕ್ಕವಳನ್ನು ಅಟ್ಟಕ್ಕೇರಿಸತೊಡಗಿದರು. ದೊಡ್ಡಕ್ಕನ ಕೈಲಿ ಓಡಿತು ಬರೆಸಿದವಳು ಎಂದರು, ಇಂಥದ್ದು ಕಟ್ಟೆಯ ಇತಿಹಾಸದಲ್ಲೇ ಇಲ್ಲ ಎಂದರು. ದೊಡ್ಡಕ್ಕ ಒಂದನ್ನೂ ಬಿಡದೆ ಓದಿದಳು. ಪ್ರತಿಯೊಂದಕ್ಕೂ ಹೊಟ್ಟೆಯೊಳಗೆ ಒಂದೊಂದು ಕಿಡಿ ಹಾರಿತು. ಓದಿ ಮುಗಿಸಿ, ಫೋನನ್ನು ಚಿಕ್ಕವಳ ಕೈಗೆ ಕೊಟ್ಟು, "ತಗೋ, ನಿಂಗೇ ಬಂದಿರೋದು, ಓದು" ಎಂದಳು.